ಕೈ ಎತ್ತಿದರೆ ನಿಲ್ಲುವ ಗೊಲ್ಲಪ್ಪ

ನನ್ನ ಹೆಸರು ಶ್ರೀನಿವಾಸ್, ಚಿತ್ರದುರ್ಗದ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರು. ವರ್ಷಕ್ಕೊಂದು ದಿನ ನನಗೆ ಇನ್ನೊಂದು ಕೆಲಸವಿದೆ. ಅದು ಯಾರಿಗೂ ಇಷ್ಟವಾಗದ ಕೆಲಸ. ನಮ್ಮ ಕಡೆಯ ಸೈಕಲ್ ರೇಸಿನಲ್ಲಿ ಎಲ್ಲರ ಹಿಂದೆ ಬರುವ ಜೀಪಿನಲ್ಲಿ ಕೂರುವವನು ನಾನು. ಬೆಳಿಗ್ಗೆ ಆರಕ್ಕೆ ಹಿರಿಯೂರಿನಿಂದ ಹೊರಟರೆ ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ, ಕೊನೆಗೆ ಜೋಗಿಮಟ್ಟಿ ರಸ್ತೆಯ ಏರು. ನೂರಿಪ್ಪತ್ತು ಕಿಲೋಮೀಟರಿಗೂ ಮೇಲೆ. ಮಧ್ಯಾಹ್ನ ಹನ್ನೆರಡರೊಳಗೆ ಅಲ್ಲಿನ ಕೊನೆಯ ಗೆರೆ ದಾಟಬೇಕು. ಜೀಪು ಗಡಿಯಾರದ ಲೆಕ್ಕದಲ್ಲಿ ಓಡುತ್ತದೆ. ಅದು ನಿಮ್ಮನ್ನು ದಾಟಿ ಮುಂದೆ ಹೋಯಿತೆಂದರೆ ನಿಮ್ಮ ರೇಸು ಮುಗಿಯಿತು. ನಾನು ಇಳಿದು ನಿಮ್ಮ ಬೆನ್ನಿನ ಮೇಲಿನ ನಂಬರ್ ಬಟ್ಟೆಯನ್ನು ಕತ್ತರಿಯಿಂದ ಎರಡು ತುಂಡು ಮಾಡಿ, ಸೈಕಲ್ಲನ್ನು ಜೀಪಿಗೆ ಹಾಕಿಸುತ್ತೇನೆ. ಅಳುವವರಿಗೆ ಕುಡಿಯಲು ನೀರು ಕೊಡುತ್ತೇನೆ, ಒಂದು ನಿಮಿಷ ಹೆಚ್ಚಿಗೆ ಕೊಡುವುದಿಲ್ಲ. ಒಂಬತ್ತು ವರ್ಷದಲ್ಲಿ ಗೆದ್ದವನ ಮುಖ ನಾನು ನೋಡಿಲ್ಲ. ನನಗೆ ಕಾಣುವುದು ಕೊನೆಯವನ ಬೆನ್ನು.

ಆ ಬೆನ್ನು ಎರಡು ವರ್ಷ ಗೊಲ್ಲಪ್ಪನದಾಗಿತ್ತು. ಎರಡು ಸಲವೂ ಅದರ ಮೇಲಿನ ನಂಬರ್ ಕತ್ತರಿಸಿದ್ದೇನೆ.

ಅವನೂ ನಾನೂ ಏಳನೇ ಕ್ಲಾಸಿನವರೆಗೆ ಒಂದೇ ಬೆಂಚು. ಪಬ್ಲಿಕ್ ಪರೀಕ್ಷೆಗೆ ಹದಿನೈದು ದಿನ ಇರುವಾಗ ಅವರಪ್ಪ ತೆಂಗಿನ ಮರದಿಂದ ಬಿದ್ದು ಸೊಂಟ ಮುರಿದುಕೊಂಡರು. ಗೊಲ್ಲಪ್ಪ ಶಾಲೆ ಬಿಟ್ಟ. ಗಾರೆ ಕೆಲಸಕ್ಕೆ ಹೋದ, ಕೈ ಪಳಗುವ ಮೊದಲೇ ಬಿಟ್ಟ. ಲಾರಿ ಕ್ಲೀನರ್ ಆದ, ಸ್ಟೇರಿಂಗ್ ಹಿಡಿಯುವ ಮೊದಲೇ ಬಿಟ್ಟ. ಕೊನೆಗೆ ಅವನ ಕೈ ಹಿಡಿದದ್ದು ಎಳನೀರು. ಭೀಮಸಮುದ್ರದ ಕಡೆಯ ತೋಟಗಳಿಂದ ಬರುವ ಕಾಯಿಯನ್ನು ಸೈಕಲ್ಲಿನ ಎರಡೂ ಬದಿಗೆ ಇಳಿಬಿಟ್ಟು, ಬೆಳಗಿನ ವಾಕಿಂಗಿನವರಿಗಾಗಿ ಜೋಗಿಮಟ್ಟಿ ರಸ್ತೆ ಹತ್ತುತ್ತಾನೆ. ಇಪ್ಪತ್ತೆಂಟು ವರ್ಷವಾಯಿತು. ಬೇರೆ ಯಾರಾದರೂ ಇಳಿದು ತಳ್ಳುವ ಏರನ್ನು ನಲವತ್ತು ಕಾಯಿ ಹೇರಿಕೊಂಡು ತುಳಿದೇ ಹತ್ತುತ್ತಾನೆ.

ನನಗೆ ಬಾಯಿ ಸುಮ್ಮನಿರುವುದಿಲ್ಲ. ಒಂದು ದಿನ ಎಳನೀರು ಕುಡಿಯುತ್ತಾ, "ಈ ಕಾಲು ಇಟ್ಕೊಂಡು ರೇಸಿಗೆ ಬರಬಾರದೇನಲೇ?" ಎಂದುಬಿಟ್ಟೆ. ತಮಾಷೆಗೆ ಅಂದದ್ದು. ಅವನು ಮಚ್ಚು ಕೆಳಗಿಟ್ಟ.

"ಲೇ ಸೀನ, ನಾನು ಹುಟ್ಟಿದಾಗಿಂದ ಯಾವುದನ್ನೂ ಕೊನೆ ಮುಟ್ಸಿಲ್ಲ. ಗೆಲ್ಲಾದು ನನಗೆ ಬ್ಯಾಡ. ನಿನ್ನ ಜೀಪಿಗಿಂತ ಮುಂಚೆ ಆ ಗೆರೆ ಒಂದು ದಾಟಿದ್ರೆ ಸಾಕು."

ಐವತ್ತರ ಹತ್ತಿರದ ಮನುಷ್ಯ, ಗೇರಿಲ್ಲದ ಕರಿ ಸೈಕಲ್ಲು. ಆದರೆ ಹೆಸರು ಬರೆಸಿದ.

ಮೊದಲನೇ ವರ್ಷ ಆದದ್ದನ್ನು ಹೇಳಿದರೆ ನೀವು ನಗುತ್ತೀರಿ, ನಾನೂ ನಕ್ಕಿದ್ದೆ. ಹೊಸದುರ್ಗ ದಾಟುವವರೆಗೆ ಚೆನ್ನಾಗಿಯೇ ಓಡಿಸಿದ. ಅಲ್ಲಿಂದ ಮುಂದೆ ಊರೂರಿನಲ್ಲಿ ಜನ ರಸ್ತೆ ಬದಿಗೆ ನಿಂತು, ಹುರಿದುಂಬಿಸಲು ಕೈ ಎತ್ತಿ ಬೀಸುತ್ತಿದ್ದರು. ಕೈ ಎತ್ತಿದ ಕಡೆಯಲ್ಲೆಲ್ಲ ಗೊಲ್ಲಪ್ಪನ ಸೈಕಲ್ಲು ನಿಂತಿತು! ಗಿರಾಕಿ ಕೈ ಎತ್ತಿದರೆ ನಿಲ್ಲುವುದು ಅಷ್ಟು ವರ್ಷದ ಅಭ್ಯಾಸ, ತಲೆಗೆ ಗೊತ್ತಾಗುವ ಮೊದಲೇ ಬ್ರೇಕು ಬಿದ್ದಿರುತ್ತಿತ್ತು. ಒಂದು ಹಳ್ಳಿಯಲ್ಲಂತೂ ಕೈ ಎತ್ತಿದ ಅಜ್ಜನಿಗೆ, ಎಳನೀರು ಕೊಡುವಾಗ ಕೇಳುವ ಹಾಗೆ, "ಗಂಜಿ ಇರೋದೋ, ಬರೀ ನೀರೋ?" ಎಂದು ಕೇಳಿಯೇಬಿಟ್ಟ. ಹೊಳಲ್ಕೆರೆ ದಾಟಿ ನಾಲ್ಕು ಕಿಲೋಮೀಟರಿಗೆ ಜೀಪು ಅವನನ್ನು ಹಿಂದೆ ಹಾಕಿತು.

ಎರಡನೇ ವರ್ಷ ತಲೆ ತಗ್ಗಿಸಿಕೊಂಡು, ಮುಂದಿನ ಚಕ್ರವನ್ನೇ ನೋಡುತ್ತಾ ಬಂದ. ಚಿತ್ರದುರ್ಗ ಮುಟ್ಟಿದಾಗ ಆರು ನಿಮಿಷ ಮುಂದಿದ್ದ. ಆದರೆ ಜೋಗಿಮಟ್ಟಿ ಏರಿನಲ್ಲಿ ತಲೆ ಎತ್ತದೆ ತುಳಿಯಲು ಆಗುತ್ತದೆಯೇ? ಅಲ್ಲಿ ನಿಂತಿದ್ದವರೆಲ್ಲ ಅವನ ಗಿರಾಕಿಗಳು. ಪ್ರೀತಿಯಿಂದಲೇ ಕೈ ಎತ್ತಿದರು. ಹನ್ನೊಂದು ಸಲ ನಿಂತ. ಗೆರೆಗೆ ನಾನೂರು ಮೀಟರ್ ಇರುವಾಗ ಜೀಪು ದಾಟಿತು, ನಾನು ಇಳಿದು ಕತ್ತರಿ ಹಾಕಿದೆ.

"ನಿನ್ನ ಕತ್ರಿ ಮೊಂಡಾಗೈತೆ ಕಣಲೇ, ನನ್ನ ಮಚ್ಚು ತಗಂಡು ಬರಬೇಕಿತ್ತು" ಎಂದು ನಕ್ಕ. ಆಮೇಲೆ ಜೀಪಿನಲ್ಲಿ ಕುಳಿತು ಗೆರೆಯ ಮೇಲೆಯೇ ಹಾದುಹೋಗುವಾಗ ಮುಖ ಆಚೆ ತಿರುಗಿಸಿಕೊಂಡ. 

ಈ ವರ್ಷ ಮತ್ತೆ ಬಂದ, ಊರುಗಳನ್ನೆಲ್ಲ ಹೋದ ವರ್ಷದ ಹಾಗೆ ತಲೆ ತಗ್ಗಿಸಿಯೇ ದಾಟಿದ. ಹೊಳಲ್ಕೆರೆ ದಾಟಿದ ಮೇಲೆ ಅಡ್ಡಗಾಳಿ ಶುರುವಾಯಿತು. ವಿಜಯಪುರ, ಬಾಗಲಕೋಟೆಯ ಹುಡುಗರ ಗುಂಪು ಮೂರು ಹೋಳಾಯಿತು, ಇಬ್ಬರು ಬಿದ್ದರು, ಮುಂದಿದ್ದವನಿಗೆ ಪಂಕ್ಚರ್ ಆಯಿತು ಎಂದೆಲ್ಲ ಫೋನಿನಲ್ಲಿ ಆಗಲೇ ಸುದ್ದಿ ಬಂದಿತ್ತು. ಗೊಲ್ಲಪ್ಪ ಮಾತ್ರ ಗುಡ್ಡದ ಮೇಲಿನ ಗಾಳಿ ಫ್ಯಾನುಗಳು ಎತ್ತ ಮುಖ ಮಾಡಿವೆ ಎಂದು ನೋಡಿಕೊಂಡು, ರಸ್ತೆಯ ಒಂದು ಮಗ್ಗುಲಿಗೆ ಸರಿದು, ಒಂದೇ ಸಮ ತುಳಿಯುತ್ತಿದ್ದ. ಆದರೂ ಗಾಳಿ ಅವನ ನಾಲ್ಕು ನಿಮಿಷ ನುಂಗಿತ್ತು. ಏರು ಶುರುವಾದಾಗ ಅವನಿಗೂ ನಮ್ಮ ಜೀಪಿಗೂ ನಡುವೆ ಉಳಿದದ್ದು ಎರಡೇ ನಿಮಿಷ.

ಸ್ವಲ್ಪ ಹೊತ್ತಿಗೆ ಡ್ರೈವರ್ ಕಾಟಯ್ಯ ಆಕ್ಸಿಲರೇಟರಿನಿಂದ ಕಾಲು ತೆಗೆದ.

"ಯಾಕಯ್ಯ ನಿಧಾನ ಮಾಡಿದೆ?"

"ಅವ್ರು ನಿಮ್ ದೋಸ್ತ್ ಅಲ್ವೇನ್ರಿ ಮೇಷ್ಟ್ರೆ?"

"ದೋಸ್ತ್ ಆದ್ರೇನು? ಗಡಿಯಾರ ನೋಡ್ಕೊಂಡು ಓಡ್ಸು."

ಹಾಗೆ ಗದರಿದೆನೇ ಹೊರತು ನನ್ನ ಕಣ್ಣು ಗಡಿಯಾರಕ್ಕಿಂತ ಹೆಚ್ಚಾಗಿ ಅವನ ಬೆನ್ನಿನ ಮೇಲೇ ಇತ್ತು. ಮೊದಲನೇ ತಿರುವಿನಲ್ಲಿ ವಾಕಿಂಗಿನ ಜನ ಕಾಣಿಸಿದರು. ಇನ್ನು ಮುಗಿಯಿತು ಎಂದುಕೊಂಡೆ. ಆದರೆ ಯಾರೂ ಕೈ ಎತ್ತಲಿಲ್ಲ, ಚಪ್ಪಾಳೆ ಕೂಡ ತಟ್ಟಲಿಲ್ಲ. ಮೊದಲು ನನಗೆ ಸಿಟ್ಟೇ ಬಂತು, ಎಂಥ ಜಿಪುಣ ಜನ ಇವರು ಎಂದು. ಹತ್ತಿರ ಹೋದ ಮೇಲೆ ನೋಡುತ್ತೇನೆ, ಎಲ್ಲರೂ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಾರೆ. ರಿಟೈರ್ಡ್ ಬ್ಯಾಂಕ್ ಮ್ಯಾನೇಜರು, ಹೂವಿನ ಬರಗೇರಮ್ಮ, ಮಂಡಿನೋವಿನ ಡಾಕ್ಟರು, ಒಬ್ಬರೂ ಬಿಟ್ಟಿಲ್ಲ. ಬಾಯಿಯಲ್ಲಿ ಮಾತ್ರ "ಹೋಗ್ರಿ ಗೊಲ್ಲಪ್ಪಣ್ಣ, ಹೋಗ್ರಿ!" ಎಂಬ ಕೂಗು.

ಇದು ಅವನ ಹೆಂಡತಿ ಗಂಗಕ್ಕನ ಕೆಲಸ. ತಿಂಗಳಿಡೀ ಗಂಡನ ಜೊತೆ ಬಂದು, ಕಾಯಿ ಕೊಡುವಾಗೆಲ್ಲ ಒಬ್ಬೊಬ್ಬರಿಗೂ "ಅವತ್ತೊಂದಿನ ಕೈ ಎತ್ತಬ್ಯಾಡ್ರಿ, ನಿಮ್ಮ ದಮ್ಮಯ್ಯ" ಎಂದು ಹೇಳಿದ್ದಳಂತೆ. ನನಗೊಬ್ಬನಿಗೆ ಹೇಳಿರಲಿಲ್ಲ. ನನ್ನ ಕತ್ತರಿಯ ಮೇಲೆ ಅವಳಿಗೆ ಅಷ್ಟು ಸಿಟ್ಟು.

ಗೊಲ್ಲಪ್ಪ ಎಲ್ಲಿಯೂ ನಿಲ್ಲಲಿಲ್ಲ. ಹ್ಯಾಂಡಲ್ಲಿನ ಮೇಲೆ ಬಾಗಿ, ಸೀಟು ಬಿಟ್ಟು ಎದ್ದು ತುಳಿದ. ಕೊನೆಯ ತಿರುವು ಕಳೆಯಿತು, ಬಿಳಿ ಗೆರೆ ಕಂಡಿತು. ಹನ್ನೆರಡಕ್ಕೆ ಇನ್ನೂ ಐವತ್ತು ಸೆಕೆಂಡು ಇತ್ತು. ಅಷ್ಟರಲ್ಲಿ ಗೆರೆಯ ಪಕ್ಕ ನಿಂತಿದ್ದ ಬಾವುಟದವನು, ದಾವಣಗೆರೆಯಿಂದ ಬಂದ ಹೊಸಬ, ಯಾರೂ ಏನೂ ಹೇಳಿರದಿದ್ದವನು, ಬಾವುಟ ಹಿಡಿದ ಕೈಯನ್ನು ಮೇಲೆತ್ತಿದ.

ಸೈಕಲ್ಲು ನಿಂತಿತು. ಗೆರೆಗೆ ಹತ್ತು ಮಾರು ದೂರದಲ್ಲಿ.

ಅವನ ಎರಡೂ ಕಾಲು ನೆಲದ ಮೇಲಿದ್ದವು. ನಿಲ್ಲಬಾರದು ಎಂದು ಅವನಿಗೆ ಗೊತ್ತಿತ್ತು, ಮುಖದಲ್ಲೇ ಕಾಣುತ್ತಿತ್ತು. ಆದರೆ ಕೈ ಎತ್ತಿದ ಗಿರಾಕಿಯನ್ನು ಬಿಟ್ಟು ಹೋಗುವುದನ್ನು ಆ ಕಾಲು ಕಲಿತೇ ಇರಲಿಲ್ಲ. ನಾವು ಹಿಂದಿನಿಂದ ಬರುತ್ತಲೇ ಇದ್ದೆವು. ಜೀಪು ನಿಲ್ಲಿಸು ಎಂದು ನಾನು ಹೇಳಲಿಲ್ಲ, ಹೇಳುವ ಹಾಗಿರಲಿಲ್ಲ. ರೂಢಿಯಂತೆ ಕತ್ತರಿಯನ್ನು ಕೈಗೆ ತೆಗೆದುಕೊಂಡೆ. ನಾನು ಅಳುವುದೊಂದು ಬಾಕಿ.

ಗುಂಪಿನಿಂದ ಗಂಗಕ್ಕನ ಗಂಟಲು ಕೇಳಿತು.

"ಏನ್ರೀ! ಕಾಯಿ ಖಾಲಿ ಅಂತ ಹೇಳಿ ಹೋಗ್ರಿ!"

ಗೊಲ್ಲಪ್ಪನ ಮುಖ ಅರಳಿತು. ಬಾವುಟದವನ ಕಡೆ ತಿರುಗಿ ಬಹಳ ಮರ್ಯಾದೆಯಿಂದ, "ಖಾಲಿ ಆಗ್ಯಾವೆ ಸಾರ್, ನಾಳೆ ಬರ್ರಿ" ಎಂದ. ಆಮೇಲೆ ಪೆಡಲ್ ಮೆಟ್ಟಿದ. ಏರಿನಲ್ಲಿ ನಿಂತ ಸೈಕಲ್ಲನ್ನು ಮತ್ತೆ ಎಬ್ಬಿಸುವುದು ರೇಸಿನ ಹುಡುಗರಿಗೆ ಕಷ್ಟವಿರಬಹುದು. ದಿನಾ ನಲವತ್ತು ಕಾಯಿ ಹೇರಿಕೊಂಡು ಇಪ್ಪತ್ತು ಕಡೆ ನಿಂತು ಹೊರಡುವವನಿಗೆ ಅದೇನು ಮಹಾ? ನಾಲ್ಕು ತುಳಿತಕ್ಕೆ ಗೆರೆ ದಾಟಿದ. ಹನ್ನೆರಡಕ್ಕೆ ಇನ್ನೂ ಒಂಬತ್ತು ಸೆಕೆಂಡು ಉಳಿದಿತ್ತು.

ಆಗ ಬೆನ್ನ ಹಿಂದಿದ್ದ ಕೈಗಳೆಲ್ಲ ಒಟ್ಟಿಗೆ ಮೇಲೆದ್ದವು. ಗೊಲ್ಲಪ್ಪ ಗಾಬರಿಯಾಗಿ ಸುತ್ತ ನೋಡಿ, "ಇಷ್ಟು ಜನಕ್ಕೆ ಎಲ್ಲಿಂದ ತರ್ಲಿ?" ಎಂದ. ಗಂಗಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

ನಾನು ಜೀಪಿನಿಂದ ಇಳಿದು ಹತ್ತಿರ ಹೋದೆ. ಅವನು ಬೆನ್ನು ತಿರುಗಿಸಿ ನಿಂತ.

"ಈ ಸಲ ಕತ್ರಿ ಹಾಕಬ್ಯಾಡ ಕಣಲೇ. ಪಿನ್ನು ಬಿಚ್ಚಿ ಕೊಡು, ಮನೇಲಿ ಇಟ್ಕಂತೀನಿ."

ಕತ್ತರಿಯನ್ನು ಜೇಬಿಗೆ ಹಾಕಿಕೊಂಡೆ. ಒಂಬತ್ತು ವರ್ಷದಲ್ಲಿ ಒಂದು ನಂಬರನ್ನೂ ನಾನು ಇಡಿಯಾಗಿ ತೆಗೆದವನಲ್ಲ. ನಾಲ್ಕು ಪಿನ್ನು ಬಿಚ್ಚುವಷ್ಟರಲ್ಲಿ ಬೆರಳಿಗೆ ಎರಡು ಕಡೆ ಚುಚ್ಚಿತು.