ಕಿಡ್ನಿಯ ಕಾಯಿಲೆ ಮೂಗಿಗೆ ಬಂದ ವರ್ಷ

ನಮ್ಮ ಮನೆಯವರು ಶೃಂಗೇರಿಯಿಂದ ಕೊಪ್ಪದ ಮೇಲೆ ನರಸಿಂಹರಾಜಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಡ್ರೈವರ್ ಆಗಿದ್ದರು. ಇಪ್ಪತ್ತೆರಡು ವರ್ಷ ಅದೇ ರೂಟು. ಯಾವ ಸ್ಟಾಪಿನಲ್ಲಿ ಯಾವ ಟೀಚರ್ ಹತ್ತುತ್ತಾರೆ, ಯಾವ ಅಜ್ಜಿಗೆ ಮೆಟ್ಟಿಲು ಹತ್ತಲು ಎಷ್ಟು ಹೊತ್ತು ಬೇಕು ಎಂಬುದೆಲ್ಲ ಅವರಿಗೆ ಗೊತ್ತಿತ್ತು. ಯಾರಾದರೂ ಓಡಿ ಬರುತ್ತಿದ್ದರೆ ಅವರನ್ನು ಬಿಟ್ಟು ಹೋದವರಲ್ಲ. ಇದಕ್ಕೆ ಮಾಲೀಕರಿಂದ ಬೈಸಿಕೊಂಡದ್ದೂ ಇದೆ.

ಒಂದು ವರ್ಷ ಮೂತ್ರದಲ್ಲಿ ರಕ್ತ ಬಂತು. ಮಂಗಳೂರಿನ ಆಸ್ಪತ್ರೆಯಲ್ಲಿ ಬಲಗಡೆಯ ಕಿಡ್ನಿ ತೆಗೆದರು. ಕ್ಯಾನ್ಸರ್ ಇತ್ತು, ಪೂರ್ತಿ ತೆಗೆದಿದ್ದೇವೆ, ಆದರೆ ವರ್ಷ ವರ್ಷ ಸ್ಕ್ಯಾನಿಗೆ ಬರಬೇಕು ಎಂದು ಹೇಳಿ ಕಳಿಸಿದರು. ಎರಡು ವರ್ಷ ತಪ್ಪದೆ ಹೋದೆವು. ಎರಡು ಸಲವೂ ಏನೂ ಇರಲಿಲ್ಲ. ಮೂರನೆಯ ವರ್ಷ ಮಗಳ ಪಿಯುಸಿ ಪರೀಕ್ಷೆ ಹತ್ತಿರ ಬಂದಿತ್ತು. ಒಂದು ದಿನ ರಜೆ ಹಾಕಿ ಹೋಗಿ ಬರೋಣ ಎಂದು ಅವರೇ ಹೇಳಿದರು. ಪರೀಕ್ಷೆ ಮುಗಿಯಲಿ ಎಂದವಳು ನಾನು. ಪರೀಕ್ಷೆ ಮುಗಿಯಿತು, ಮಗಳನ್ನು ಶಿವಮೊಗ್ಗದ ಕಾಲೇಜಿಗೆ ಸೇರಿಸುವ ಓಡಾಟ ಶುರುವಾಯಿತು. ಅವರು ಆರಾಮಾಗಿ ಬಸ್ಸು ಓಡಿಸಿಕೊಂಡಿದ್ದರು. ಸ್ಕ್ಯಾನಿನ ಮಾತನ್ನು ಆಮೇಲೆ ಇಬ್ಬರೂ ಎತ್ತಲಿಲ್ಲ.

ಮರು ಬೇಸಿಗೆಯಲ್ಲಿ ಒಂದು ಬೆಳಿಗ್ಗೆ, ಹರಿಹರಪುರ ದಾಟಿದ ಮೇಲೆ, ಅವರ ಮೂಗಿನಿಂದ ಸ್ಟೇರಿಂಗ್ ಮೇಲೆ ರಕ್ತ ತೊಟ್ಟಿಕ್ಕಿತಂತೆ. ಬಸ್ಸು ಬದಿಗೆ ಹಾಕಿ, ಬಾಟಲಿ ನೀರಲ್ಲಿ ಮುಖ ತೊಳೆದು, ಮೂಗಿಗೆ ಟವೆಲ್ಲು ಒತ್ತಿಕೊಂಡೇ ಕೊಪ್ಪ ಮುಟ್ಟಿಸಿದರು ಎಂದು ಕಂಡಕ್ಟರ್ ಹೇಳಿದ. ಶೃಂಗೇರಿ ಹತ್ತಿರದ ಮೆಣಸೆಯಲ್ಲಿರುವ ನಮ್ಮ ಮನೆಗೆ ಬಂದವರು, "ಸೆಕೆ ಅಷ್ಟೆ ಮಾರಾಯ್ತಿ" ಎಂದರು. ನಾನು ಗರಿಕೆ ಅರೆದು ರಸ ಹಿಂಡಿ ಮೂಗಿಗೆ ಬಿಟ್ಟೆ. ಕೊತ್ತಂಬರಿ ನೀರು ಕುಡಿಸಿದೆ. ಆ ತಿಂಗಳಲ್ಲಿ ಮತ್ತೆ ನಾಲ್ಕೈದು ಸಲ ರಕ್ತ ಬಂತು. ಒಂದು ದಿನ ಗಡ್ಡ ಬೋಳಿಸುವಾಗ ಕಿವಿಯ ಕೆಳಗೆ, ಕುತ್ತಿಗೆಯಲ್ಲಿ, ಗೋಲಿಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು.

ಕೊಪ್ಪದಲ್ಲಿ ಕಿವಿ, ಮೂಗು ನೋಡುವ ಡಾಕ್ಟರು ಸಣ್ಣ ಪ್ರಾಯದ ಹೆಂಗಸು. ಮೂಗಿನೊಳಗೆ ಕೊಳವೆ ಹಾಕಿ ನೋಡಿ, ಹಿಂದೆ ಏನಾದರೂ ಆಪರೇಷನ್ ಆಗಿದೆಯಾ ಎಂದು ಕೇಳಿದರು. ಇವರು ಇಲ್ಲ ಎಂದರು. ಸುಳ್ಳು ಹೇಳಿದ್ದಲ್ಲ, ಮೂಗಿನ ಆಪರೇಷನ್ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡಿದ್ದರು.

"ಒಂದು ಕಿಡ್ನಿ ತೆಗೆದಿದ್ದಾರೆ ಮೇಡಂ" ಎಂದೆ ನಾನು.

ಬರೆಯುತ್ತಿದ್ದ ಅವರ ಕೈ ನಿಂತಿತು. ಯಾಕೆ ತೆಗೆದದ್ದು, ಕೊನೆಯ ಸ್ಕ್ಯಾನ್ ಯಾವಾಗ ಆಯಿತು ಎಂದು ಮೆತ್ತಗೆ ಕೇಳಿದರು. ಕ್ಯಾನ್ಸರ್ ಇತ್ತು, ಹೋದ ವರ್ಷ ಸ್ಕ್ಯಾನಿಗೆ ಹೋಗಲಿಲ್ಲ ಎಂದೆ.

ಮತ್ತೆ ಮಂಗಳೂರಿಗೆ ಹೋದೆವು. ಮೂಗಿನಿಂದಲೂ ಗಂಟಿನಿಂದಲೂ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ವಾರ ಕಳೆದು ಕಿಡ್ನಿ ತೆಗೆದಿದ್ದ ಡಾಕ್ಟರೇ ನಮ್ಮಿಬ್ಬರನ್ನೂ ಕೂರಿಸಿ ವಿಷಯ ಹೇಳಿದರು. ಇದು ಮೂಗಿನ ಕಾಯಿಲೆ ಅಲ್ಲ, ಕಿಡ್ನಿಯಲ್ಲಿದ್ದ ಕ್ಯಾನ್ಸರೇ ರಕ್ತದಲ್ಲಿ ಹರಿದು ಬಂದು ಮೂಗಿನ ಹಿಂದೆಯೂ ಕುತ್ತಿಗೆಯಲ್ಲೂ ಬೆಳೆದಿದೆ, ಪೂರ್ತಿ ಗುಣವಾಗುವುದಿಲ್ಲ, ಸ್ವಲ್ಪ ಕಾಲ ತಡೆದು ನಿಲ್ಲಿಸಲು ನೋಡಬಹುದು ಎಂದರು. ಹೋದ ವರ್ಷ ಸ್ಕ್ಯಾನಿಗೆ ಬಂದಿದ್ದರೆ ಗೊತ್ತಾಗುತ್ತಿತ್ತಾ ಎಂದು ಕೇಳಿದೆ. ಎದೆ, ಹೊಟ್ಟೆಯ ಸ್ಕ್ಯಾನಿನಲ್ಲಿ ಮೂಗು ಕಾಣುವುದಿಲ್ಲ, ಗೊತ್ತಾಗುತ್ತಿತ್ತೋ ಇಲ್ಲವೋ ಹೇಳಲು ಬರುವುದಿಲ್ಲ ಎಂದರು. ಆ ಉತ್ತರವನ್ನು ಇಟ್ಟುಕೊಳ್ಳಲೂ ಆಗಲಿಲ್ಲ, ಬಿಡಲೂ ಆಗಲಿಲ್ಲ.

ಕ್ಯಾನ್ಸರ್ ತಡೆಯುವ ಮಾತ್ರೆ ಶುರುವಾದ ಮೇಲೆ, ಅದರ ಅಡ್ಡಪರಿಣಾಮದಿಂದ ಅಂಗೈ, ಅಂಗಾಲು ಸುಲಿದು ಕೆಂಪಾದವು. ಕಾಫಿ ಲೋಟ ಹಿಡಿಯುವುದೇ ಕಷ್ಟವಾಗಿತ್ತು, ಇನ್ನು ಸ್ಟೇರಿಂಗ್ ಹಿಡಿಯುವುದೆಲ್ಲಿ ಬಂತು. ಮಾಲೀಕರ ಮನೆಗೆ ತಾವೇ ಹೋಗಿ ಬಸ್ಸಿನ ಕೀಲಿ ಕೊಟ್ಟು ಬಂದರು. ಆಮೇಲೂ ಐದು ಗಂಟೆಗೇ ಎದ್ದು ಸ್ನಾನ ಮಾಡಿ, ಖಾಕಿ ಅಂಗಿ ಹಾಕಿ ಜಗಲಿಯಲ್ಲಿ ಕೂರುತ್ತಿದ್ದರು. ನಾನು ಕಾಫಿ ಆರಿಸಿ ಕೊಡುತ್ತಿದ್ದೆ.

ಕೆಲವು ತಿಂಗಳು ಗಂಟು ಸಣ್ಣಗಾಯಿತು. ನಾವು ಆಸೆ ಇಟ್ಟುಕೊಂಡೆವು. ಆಮೇಲೆ ಮೊದಲಿಗಿಂತ ಜೋರಾಗಿ ಬೆಳೆಯಿತು. ಗಂಜಿಯೂ ಇಳಿಯದಾಯಿತು. ದನಿ ಹೋಯಿತು.

ರಜೆಗೆ ಬಂದಿದ್ದ ಮಗಳು ಒಂದು ದಿನ ಅಡಿಗೆಮನೆಯಲ್ಲಿ ಅತ್ತಳು. ತನ್ನ ಪರೀಕ್ಷೆಯಿಂದಲೇ ಅಪ್ಪನಿಗೆ ಹೀಗಾಯಿತು ಎಂದಳು. ಅದು ಅವರ ಕಿವಿಗೆ ಬಿತ್ತು. ಕೈಸನ್ನೆ ಮಾಡಿ ಅವಳನ್ನು ಹತ್ತಿರ ಕರೆದರು. ಅವಳು ಅವರ ಬಾಯಿಯ ಹತ್ತಿರ ಕಿವಿ ಇಟ್ಟಳು.

"ನಿನ್ನ ಪರೀಕ್ಷೆಯಿಂದ ಅಲ್ಲ ಕೂಸೇ. ಅಮ್ಮ ಹೋಗಿ ಹೋಗಿ ಅಂದ್ಲು. ನಂಗೇ ಹೆದ್ರಿಕೆ ಆಗಿ ಹೋಗ್ಲಿಲ್ಲ."

ನಾನು ಬಾಗಿಲಲ್ಲೇ ನಿಂತಿದ್ದೆ. ಅವರು ನನ್ನ ಕಡೆ ನೋಡಲಿಲ್ಲ. ಮಗಳು ಆಚೆ ಹೋದ ಮೇಲೆ, ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದೆ. ಮತ್ತೆ ದನಿ ಏಳಲಿಲ್ಲ. ಮೊಬೈಲಿನಲ್ಲಿ ನಿಧಾನಕ್ಕೆ ಒತ್ತಿ ತೋರಿಸಿದರು. "ಇನ್ನು ನೀವಿಬ್ಬರೇ ಇರಬೇಕಲ್ಲ" ಎಂದಿತ್ತು.

ಹದಿನೇಳು ದಿನ ಕಳೆದು, ಒಂದು ಮಧ್ಯಾಹ್ನ, ಚಮಚದಲ್ಲಿ ನೀರು ಹಾಕುತ್ತಿದ್ದಾಗ ನೀರು ಒಳಗೆ ಹೋಗದೆ ಬಾಯಿಯ ಅಂಚಿನಿಂದ ಹೊರಗೆ ಬಂತು. ಸೆರಗಿನಿಂದ ಒರೆಸಿದೆ. ಮತ್ತೆ ಒಂದು ಚಮಚ ಹಾಕಿದೆ. ಮಗಳು ನನ್ನ ಕೈ ಹಿಡಿದು, "ಸಾಕಮ್ಮ" ಎಂದಳು.

ಈಗ ಅವಳು ಹಾಸ್ಟೆಲಿನಿಂದ ದಿನಾ ಸಂಜೆ ಫೋನು ಮಾಡುತ್ತಾಳೆ. ಅಪ್ಪ ನಿನ್ನ ಮಾತು ಕೇಳಬೇಕಿತ್ತು ಎಂದು ಒಂದೊಂದು ದಿನ ಹೇಳುತ್ತಾಳೆ. ಇಲ್ಲ, ಬೇಡವೆಂದದ್ದು ನಾನು ಎನ್ನಲು ಬಾಯಿ ತೆರೆಯುತ್ತೇನೆ. ಊಟ ಆಯ್ತಾ ಎಂದು ಕೇಳುತ್ತೇನೆ.