ಟೀವಿಗೆ ಬೆನ್ನು ಕೊಟ್ಟವರು

ಟೀವಿಯ ಪಾಠದಿಂದ ಹಳ್ಳಿಯ ಹೆಂಗಸರು ಬಹಳ ಕಲಿಯುತ್ತಾರೆ ಎಂದು ನಾನೊಂದು ಪ್ರಬಂಧ ಬರೆದಿದ್ದೆ. ಕಣ್ಣಾರೆ ಕಂಡ ಸಾಕ್ಷಿ ಕೊಡದಿದ್ದರೆ ಅಚ್ಚು ಹಾಕುವುದಿಲ್ಲ ಎಂದು ಪತ್ರಿಕೆಯವರು ಪಟ್ಟು ಹಿಡಿದರು. ಸರಿ, ದೇವರ ಹಿಪ್ಪರಗಿಯಲ್ಲಿ ಬಸ್ಸಿಳಿದು ಹತ್ತಿರದ ಹಳ್ಳಿಯೊಂದಕ್ಕೆ ಹೋದೆ.

ಸಂಜೆ ಶಾಲೆಯ ಅಂಗಳದಲ್ಲಿ, ಊರಿಗೆ ಹೊಸದಾಗಿ ಬಂದಿದ್ದ ಸರ್ಕಾರದ ಟೀವಿ ಹಚ್ಚಿದರು. ಒಬ್ಬ ಗಂಡಸು ಕಾಣಿಸಿಕೊಂಡು ಕುಡಿಯುವ ನೀರಿನ ಪಾಠ ಶುರು ಮಾಡಿದ್ದೇ ತಡ, ಹೆಂಗಸರೆಲ್ಲ ತಲೆಯ ಮೇಲೆ ಸೆರಗೆಳೆದು ಅವನಿಗೆ ಬೆನ್ನು ಮಾಡಿ ಕುಳಿತರು. ಪಾಠ ಮುಗಿಯುವವರೆಗೂ ಒಬ್ಬಳೂ ತಿರುಗಲಿಲ್ಲ. ಅಲ್ಲಿಗೆ ನನ್ನ ಪ್ರಬಂಧವೂ ಮುಗಿಯಿತು ಅಂದುಕೊಂಡೆ.

"ಯಾಕ ಆಯಿ, ಯಾರೂ ನೋಡಲೇ ಇಲ್ಲಲ್ಲ?" ಎಂದು ಪಕ್ಕದ ಮುದುಕಿಯನ್ನು ಕೇಳಿದೆ.

"ಪರಗಂಡಸು ಕಣ್ಣಾಗ ಕಣ್ಣಿಟ್ಟು ಮಾತಾಡಾಕತ್ತಾನ, ಎದುರಿಗೆ ಹೆಂಗ ಕೂಡೂದ್ರಿ ಅಕ್ಕಾರ? ಕಿವೀಲೆ ಕೇಳೇವಲ್ರಿ."

"ಏನು ಹೇಳಿದ ಹಂಗಾದ್ರ?"

"ಬಾವಿ ನೀರು ಸೋಸಿ, ಕುದಿಸಿ, ಮುಚ್ಚಿಡ್ರಿ ಅಂದ. ಕುದಿಸಾಕ ಕಟಗಿ ಯಾರು ತರಬೇಕು ಅನ್ನೂದೊಂದು ಹೇಳಲಿಲ್ಲ, ಶಾಣ್ಯಾ!"

ಉಳಿದವರೆಲ್ಲ ಸೆರಗಿನೊಳಗೇ ನಕ್ಕರು. ನನಗೆ ಹೋದ ಜೀವ ಬಂದಂತಾಯಿತು. ಪ್ರಬಂಧ ಅಚ್ಚಾಯಿತು, ಕಟ್ಟಿಗೆಯ ಮಾತೂ ಸೇರಿ.

ಈಗ ವಿಚಾರಸಂಕಿರಣದಲ್ಲಿ ನಾನು ಓದುವಾಗ ಸಭಿಕರು ಮುಖ ತಿರುಗಿಸಿದರೆ, ಮರ್ಯಾದೆಗೇ ಇರಬೇಕು ಎಂದುಕೊಂಡು ಇನ್ನೊಂದು ಪುಟ ಹೆಚ್ಚೇ ಓದುತ್ತೇನೆ.