ಬಿಟ್ಟವಳು ನಾನು

ಮಲೇಷ್ಯಾದ ಸುಬಾಂಗ್ ಜಯಾದಲ್ಲಿ ನಾನು ಫಿಸಿಯೋಥೆರಪಿಸ್ಟ್. ಭುಜದ ನೋವು ಅಂತ ಬಂದವರಿಗೆಲ್ಲ ಕೊನೆಯ ದಿನ ಒಂದು ಸ್ಪಂಜಿನ ಚೆಂಡು ಕೊಟ್ಟು, ನನ್ನ ಕಡೆ ಎಸೆಯಿರಿ ಅನ್ನುತ್ತೇನೆ. ಮಾಂಟ್ ಕಿಯಾರಾದ ಶಾಲೆಯಿಂದ ಬರುತ್ತಿದ್ದ ಅಮೆರಿಕದ ಮೇಷ್ಟ್ರು ಮಾತ್ರ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಟ್ಟರು.

"ನೋವಾಗಲ್ಲ, ಎಸೀರಿ," ಅಂದೆ.

ಎಸೆದರು. ಮೆತ್ತಗೆ, ನೇರವಾಗಿ ನನ್ನ ಕೈಗೇ ಬಂತು. ನಾನೇ ಬಿಟ್ಟೆ.

"ಸಾರಿ, ತಪ್ಪು ನನ್ನದು," ಅಂದರು ತಕ್ಷಣ.

ನಾನು ನಕ್ಕೆ. ಅವರು ನಗಲಿಲ್ಲ. ಓದುವಾಗ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಅವರು ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವರು. ಹಿಡಿಯುವವರು ಯಾರೇ ಬಿಟ್ಟರೂ ತಪ್ಪು ನನ್ನದು ಅನ್ನುವುದು ಆ ಜಾಗದವರ ರೂಢಿಯಂತೆ. ಕೊನೆಯ ಪಂದ್ಯದಲ್ಲಿ ಕೊನೆಯ ಚೆಂಡನ್ನು ಅವರ ಗೆಳೆಯ ಬಿಟ್ಟ. ಇವರು ಕ್ಯಾಮೆರಾಗಳ ಮುಂದೆ ನಿಂತು ಅದೇ ಮಾತು ಹೇಳಿದರು.

"ಎಲ್ಲರೂ ನಂಬಿದರು. ಆಮೇಲೆ ಯಾವ ತಂಡವೂ ನನ್ನನ್ನ ಕರೆಯಲಿಲ್ಲ."

"ಆ ಗೆಳೆಯ?"

"ಅವನೂ ನಂಬಿದ."

ನಾನು ಬಗ್ಗಿ ಚೆಂಡು ಎತ್ತಿಕೊಂಡು, "ಪರವಾಗಿಲ್ಲ ಬಿಡಿ," ಅಂದೆ. ಅವರು ಥ್ಯಾಂಕ್ಸ್ ಹೇಳಿ ಹೊರಟುಹೋದ ಮೇಲೆ ಹೊಳೆಯಿತು: ಚೆಂಡು ಬಿಟ್ಟವಳು ನಾನು, ದೊಡ್ಡ ಮನಸ್ಸು ಮಾಡಿ ಕ್ಷಮಿಸಿದವಳೂ ನಾನೇ.